ಪೇಸ್‌ಮೇಕರಿನ ತಂತಿ: ಹೇಗೆ ಹಾಕುತ್ತಾರೆ, ಎಷ್ಟು ಕಾಲ ಬಾಳುತ್ತದೆ, ಹೇಗೆ ಕಾಪಾಡಿಕೊಳ್ಳಬೇಕು?



"ಪೇಸ್‌ಮೇಕರಿನ ಬ್ಯಾಟರಿ ಎಷ್ಟು ವರ್ಷ ಬರ್ತದ್ರೀ?" ಹೃದಯದ ಬಡಿತ ನಿಧಾನವಾಗಿ ಪೇಸ್‌ಮೇಕರ್ ಹಾಕಿಸಿಕೊಳ್ಳಬೇಕಾದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಇದು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: "ಹೃದಯದ ಒಳಗೆ ಬಿಡುವ ತಂತಿ ಎಷ್ಟು ವರ್ಷ ಬರುತ್ತದೆ?" ಬ್ಯಾಟರಿ ಮುಗಿದರೆ ಪೆಟ್ಟಿಗೆಯನ್ನು ಬದಲಿಸುವುದು ಸುಲಭ. ತಂತಿಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಒಂದೇ ತಂತಿ ಎರಡು ಮೂರು ಪೆಟ್ಟಿಗೆಗಳ ಕಾಲವನ್ನು ದಾಟಿ ಬಾಳಬೇಕಾಗುತ್ತದೆ. ಅದು ಹಾಗೆ ಬಾಳುವುದರಲ್ಲಿ ತಯಾರಿಸಿದ ಕಂಪನಿಯ ಪಾಲು, ಹಾಕಿದ ವೈದ್ಯರ ಪಾಲು ಇರುವಂತೆಯೇ ನಿಮ್ಮ ಪಾಲೂ ಇದೆ. ಅದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಪೇಸ್‌ಮೇಕರ್ ಎಂದರೇನು?

ನಮ್ಮ ಹೃದಯದ ಬಲ ಮೇಲ್ಭಾಗದಲ್ಲಿ ತಾನಾಗಿಯೇ ವಿದ್ಯುತ್ ಸಂಕೇತ ಹುಟ್ಟಿಸುವ ಒಂದು ಪುಟ್ಟ ಕೇಂದ್ರವಿದೆ. ಅಲ್ಲಿಂದ ಹೊರಟ ಸಂಕೇತವು ಮೇಲಿನ ಹೃತ್ಕರ್ಣಗಳಿಂದ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದಾಗ ಒಂದು ಬಡಿತ ಆಗುತ್ತದೆ. ವಯಸ್ಸು ಅಥವಾ ಕಾಯಿಲೆಯಿಂದ ಈ ಕೇಂದ್ರ ದುರ್ಬಲವಾದರೆ, ಇಲ್ಲವೇ ಸಂಕೇತ ಇಳಿಯುವ ದಾರಿಯಲ್ಲಿ ತಡೆ ಉಂಟಾದರೆ, ಬಡಿತ ನಿಮಿಷಕ್ಕೆ 40ಕ್ಕೂ, 30ಕ್ಕೂ ಇಳಿಯಬಹುದು. ಆಗ ತಲೆಸುತ್ತು, ಕಣ್ಣು ಕತ್ತಲೆ, ಬವಳಿ ಬಂದು ಬೀಳುವುದು, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ.

ಪೇಸ್‌ಮೇಕರಿನಲ್ಲಿ ಎರಡು ಭಾಗಗಳಿವೆ. ಒಂದು, ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಇಡುವ ಪೆಟ್ಟಿಗೆ. ಇದು ಬೆಂಕಿಪೊಟ್ಟಣಕ್ಕಿಂತ ತೆಳುವಾಗಿದ್ದು, ಇದರ ತೂಕ ಸುಮಾರು 20ರಿಂದ 30 ಗ್ರಾಂ. ಲಿಥಿಯಂ ಬ್ಯಾಟರಿ ಮತ್ತು ಬಡಿತವನ್ನು ಲೆಕ್ಕ ಹಾಕುವ ಯಂತ್ರ ಇದರೊಳಗಿರುತ್ತವೆ. ಎರಡನೆಯದು, ಲೀಡ್ ಎಂದು ಕರೆಯುವ ತಂತಿ. ಇದರ ದಪ್ಪ ಸುಮಾರು 2 ಮಿಲಿಮೀಟರ್, ಉದ್ದ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಕೆಲವರಿಗೆ ಒಂದು ತಂತಿ ಸಾಕು, ಕೆಲವರಿಗೆ ಎರಡು ಬೇಕು. ಹೃದಯ ತಾನೇ ಬಡಿದರೆ ಆ ಸುದ್ದಿಯನ್ನು ಪೆಟ್ಟಿಗೆಗೆ ಮುಟ್ಟಿಸುವುದೂ, ಬಡಿಯದಿದ್ದರೆ ಪೆಟ್ಟಿಗೆಯ ವಿದ್ಯುತ್ತನ್ನು ಹೃದಯಕ್ಕೆ ಮುಟ್ಟಿಸುವುದೂ ಈ ತಂತಿಯೇ. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ತಂತಿ ಕೆಟ್ಟರೆ ಅದರಿಂದ ಪ್ರಯೋಜನವಿಲ್ಲ. ಹೊಲದ ಪಂಪ್‌ಸೆಟ್ಟಿನ ಮೋಟಾರು ಹೊಸದಿದ್ದರೂ ಕೇಬಲ್ ಕತ್ತರಿಸಿದ್ದರೆ ನೀರು ಬರುವುದಿಲ್ಲವಷ್ಟೇ.

ಸ್ವಲ್ಪ ಇತಿಹಾಸ

1958ರ ಅಕ್ಟೋಬರ್ 8ರಂದು ಸ್ವೀಡನ್ ದೇಶದ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬುವರಿಗೆ ಮೊಟ್ಟಮೊದಲ ಬಾರಿಗೆ ದೇಹದೊಳಗಿನ ಪೇಸ್‌ಮೇಕರ್ ಹಾಕಲಾಯಿತು. ಅದನ್ನು ತಯಾರಿಸಿದವರು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್, ಹಾಕಿದವರು ಶಸ್ತ್ರವೈದ್ಯ ಓಕೆ ಸೆನ್ನಿಂಗ್. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ ಅವರು ಮುಂದೆ ಇಪ್ಪತ್ತಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ಬದಲಿಸಿಕೊಂಡು 2001ರ ಡಿಸೆಂಬರಿನವರೆಗೆ, ಅಂದರೆ 86ನೆಯ ವಯಸ್ಸಿನವರೆಗೆ ಬದುಕಿದರು. ಅವರ ಸಾವಿಗೆ ಕಾರಣ ಹೃದಯವಲ್ಲ, ಕ್ಯಾನ್ಸರ್.

ಆ ಕಾಲದಲ್ಲಿ ಎದೆಯನ್ನು ತೆರೆದು ಹೃದಯದ ಹೊರಮೈಗೆ ತಂತಿಯನ್ನು ಹೊಲಿಯುತ್ತಿದ್ದರು. ಅದೇ 1958ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಡಾ. ಸೇಮೂರ್ ಫರ್ಮನ್ ಅವರು ಎದೆ ತೆರೆಯದೆ ರಕ್ತನಾಳದ ಮೂಲಕವೇ ತಂತಿಯನ್ನು ಹೃದಯದೊಳಗೆ ಇಳಿಸಿ ತೋರಿಸಿದರು. ಇಂದು ಪೇಸ್‌ಮೇಕರ್ ಹಾಕಿಸಿಕೊಳ್ಳುವ ಬಹುಪಾಲು ಜನರಿಗೆ ಅನುಸರಿಸುವುದು ಈ ದಾರಿಯನ್ನೇ.

ತಂತಿಯನ್ನು ಹೇಗೆ ಅಳವಡಿಸುತ್ತಾರೆ?

ಇದಕ್ಕೆ ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆ ಬೇಕು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಸಾಮಾನ್ಯವಾಗಿ ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಸರ್ಕಾರದ ಸ್ವಾಯತ್ತ ಸಂಸ್ಥೆಯಾದ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಿದ್ದು, ಮೈಸೂರು ಮತ್ತು ಕಲಬುರಗಿಗಳಲ್ಲಿ ಅದರ ಶಾಖೆಗಳಿವೆ. ಬಿ.ಪಿ.ಎಲ್. ಪಡಿತರ ಚೀಟಿ ಇರುವವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡನ್ನು ಜೊತೆಗೆ ಒಯ್ಯಲು ಮರೆಯಬಾರದು.

ಅಳವಡಿಕೆಯ ಕ್ರಮ ಹೀಗಿದೆ:

1. ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಎಡ ಭುಜದ ಕೆಳಗೆ ಚುಚ್ಚುಮದ್ದು ಕೊಟ್ಟು ಆ ಜಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಎಡಗೈಯಿಂದಲೇ ಹೆಚ್ಚು ಕೆಲಸ ಮಾಡುವವರಾದರೆ ಮೊದಲೇ ತಿಳಿಸಿ. ಬಲಗಡೆ ಹಾಕಬಹುದೇ ಎಂದು ವೈದ್ಯರು ಯೋಚಿಸುತ್ತಾರೆ.

2. ಸೋಂಕು ತಗಲದಂತೆ ಮೊದಲೇ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತಾರೆ.

3. ಕೊರಳೆಲುಬಿನ ಕೆಳಗೆ ನಾಲ್ಕೈದು ಸೆಂಟಿಮೀಟರ್ ಉದ್ದ ಕೊಯ್ದು, ಕೈಯಿಂದ ಹೃದಯಕ್ಕೆ ಹೋಗುವ ಅಭಿಧಮನಿಯೊಳಗೆ ತಂತಿಯನ್ನು ಬಿಡುತ್ತಾರೆ. ಎಕ್ಸ್-ರೇ ಪರದೆಯಲ್ಲಿ ನೋಡುತ್ತಾ ಅದನ್ನು ಹೃದಯದ ಬಲಭಾಗಕ್ಕೆ ಮುಟ್ಟಿಸುತ್ತಾರೆ.

4. ತಂತಿಯ ತುದಿಯನ್ನು ಹೃದಯದ ಒಳಗೋಡೆಗೆ ನಿಲ್ಲಿಸುತ್ತಾರೆ. ಕೆಲವು ತಂತಿಗಳ ತುದಿಯಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿ ಕೂರಿಸುತ್ತಾರೆ. ಇನ್ನು ಕೆಲವದರಲ್ಲಿ ಮೃದುವಾದ ಮುಳ್ಳುಗಳಂತಹ ಎಳೆಗಳಿದ್ದು, ಹೃದಯದ ಒಳಪದರಿನ ಸಂದಿಗಳಲ್ಲಿ ಸಿಕ್ಕಿಕೊಂಡು ನಿಲ್ಲುತ್ತವೆ.

5. ಕೂಡಲೇ ಪರೀಕ್ಷೆ ಮಾಡುತ್ತಾರೆ. ಹೃದಯವನ್ನು ಬಡಿಸಲು ಎಷ್ಟು ವೋಲ್ಟ್ ಸಾಕು? ಒಂದು ವೋಲ್ಟಿಗಿಂತ ಕಡಿಮೆ ಸಾಕಾದರೆ ಒಳ್ಳೆಯದು. ಹೃದಯದ ಸ್ವಂತ ಸಂಕೇತ ಸ್ಪಷ್ಟವಾಗಿ ಬರುತ್ತಿದೆಯೇ? ತಂತಿಯ ವಿದ್ಯುತ್ ತಡೆ ಎಷ್ಟು ಓಮ್ ಇದೆ? ಸರಿ ಬಾರದಿದ್ದರೆ ಜಾಗ ಬದಲಿಸಿ ಮತ್ತೆ ಪರೀಕ್ಷಿಸುತ್ತಾರೆ. ಇದರಿಂದ ಹೊತ್ತು ಹೆಚ್ಚಾದರೆ ಹೊರಗೆ ಕಾಯುವ ಬಂಧುಗಳು ಗಾಬರಿಯಾಗಬಾರದು. ತಂತಿಗೆ ಒಳ್ಳೆಯ ಜಾಗ ಹುಡುಕಲು ಕಳೆದ ಹೊತ್ತು ವ್ಯರ್ಥವಲ್ಲ.

6. ತಂತಿಯ ಮೇಲಿನ ರಬ್ಬರಿನ ಕೊಳವೆಗೆ ದಾರ ಕಟ್ಟಿ ಸ್ನಾಯುವಿಗೆ ಬಿಗಿಯುತ್ತಾರೆ. ಉಳಿದ ತಂತಿಯನ್ನು ಸುರುಳಿ ಮಾಡಿ ಪೆಟ್ಟಿಗೆಯ ಹಿಂದೆ ಇಟ್ಟು ಹೊಲಿಗೆ ಹಾಕುತ್ತಾರೆ.

ಸಾಮಾನ್ಯವಾಗಿ ಒಂದರಿಂದ ಎರಡು ಗಂಟೆಯಲ್ಲಿ ಇಷ್ಟೂ ಮುಗಿಯುತ್ತದೆ. ಆಮೇಲೆ ಎದೆಯ ಎಕ್ಸ್-ರೇ ತೆಗೆದು ತಂತಿ ಅದೇ ಜಾಗದಲ್ಲಿದೆಯೇ, ಶ್ವಾಸಕೋಶಕ್ಕೆ ಗಾಯವಾಗಿ ಗಾಳಿ ಸೋರಿಲ್ಲವೇ ಎಂದು ನೋಡುತ್ತಾರೆ.

ತಂತಿಗೆ ಏನೇನು ಆಗಬಹುದು?

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು, ಹತ್ತು ವರ್ಷಕ್ಕೆ 36 ಕೋಟಿಗೂ ಹೆಚ್ಚು. ಪ್ರತಿ ಬಡಿತಕ್ಕೂ ತಂತಿ ಒಂದಿಷ್ಟು ಬಾಗುತ್ತದೆ. ಒಂದು ಕಬ್ಬಿಣದ ತಂತಿಯನ್ನು ಹತ್ತಾರು ಸಲ ಬಗ್ಗಿಸಿದರೆ ತುಂಡಾಗುವುದನ್ನು ನೀವು ಕಂಡಿದ್ದೀರಿ. ಆದ್ದರಿಂದಲೇ ಇದರ ಒಳಗೆ ನಿಕ್ಕಲ್, ಕೋಬಾಲ್ಟ್ ಮುಂತಾದವುಗಳ ಮಿಶ್ರಲೋಹವನ್ನು ಸ್ಪ್ರಿಂಗಿನಂತೆ ಸುರುಳಿ ಮಾಡಿ, ಹೊರಗೆ ಸಿಲಿಕಾನ್ ರಬ್ಬರ್ ಅಥವಾ ಪಾಲಿಯುರೆಥೇನ್ ಹೊದಿಕೆ ಹಾಕಿರುತ್ತಾರೆ. ಈಗಿನ ಉತ್ತಮ ಪೇಸ್‌ಮೇಕರ್ ತಂತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹತ್ತು ವರ್ಷಗಳ ನಂತರವೂ ಸರಿಯಾಗಿ ಕೆಲಸ ಮಾಡುತ್ತಿರುತ್ತವೆ. ಆದ್ದರಿಂದ ಭಯಪಡುವ ಕಾರಣವಿಲ್ಲ. ಆದರೆ ಈ ಕೆಳಗಿನ ನಾಲ್ಕು ತೊಂದರೆಗಳನ್ನು ತಿಳಿದಿರಬೇಕು.

ಜಾಗ ತಪ್ಪುವುದು: ಇದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಆಗುವ ತೊಂದರೆ. ತಂತಿಯ ತುದಿಯ ಸುತ್ತ ಹೃದಯದ ಪದರು ಬೆಳೆದು ಗಟ್ಟಿಯಾಗುವ ತನಕ ಅದು ಅಲುಗಾಡಬಹುದು. ಹೊಸದಾಗಿ ನಾಟಿ ಮಾಡಿದ ಸಸಿ ಬೇರು ಹಿಡಿಯುವ ತನಕ ಎಳೆದರೆ ಕಿತ್ತು ಬರುವಂತೆ ಇದೂ ಸಹ.

ಮುರಿಯುವುದು: ತಂತಿಯು ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಿನಲ್ಲಿ ಹಾದುಹೋಗಿದ್ದರೆ, ಕೈ ಬೀಸಿ ದುಡಿಯುವವರಲ್ಲಿ ಆ ಎರಡು ಎಲುಬುಗಳ ನಡುವೆ ಅರೆದಂತಾಗಿ ವರ್ಷಗಳ ಮೇಲೆ ಮುರಿಯಬಹುದು. ಈ ಕಾರಣಕ್ಕೆ ಅನೇಕ ವೈದ್ಯರು ಆ ಇಕ್ಕಟ್ಟನ್ನು ಬಿಟ್ಟು ತೋಳಿನ ಕಡೆಯ ಅಭಿಧಮನಿಯಿಂದಲೇ ತಂತಿ ಬಿಡುತ್ತಾರೆ. ನೀವು ಹಮಾಲಿ, ಬೇಸಾಯ, ಗೌಂಡಿ ಕೆಲಸ ಮಾಡುವವರಾದರೆ ಅಳವಡಿಕೆಗೆ ಮೊದಲೇ ವೈದ್ಯರಿಗೆ ಹೇಳಲೇಬೇಕು.

ಹೊದಿಕೆ ಸುಲಿಯುವುದು: ಹೊದಿಕೆ ಸವೆದರೆ ವಿದ್ಯುತ್ ದಾರಿಯಲ್ಲೇ ಸೋರಿಹೋಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ತಂತಿ ಮುರಿದರೆ ಪರೀಕ್ಷೆಯಲ್ಲಿ ಓಮ್ ಲೆಕ್ಕ ಒಮ್ಮೆಲೇ ಏರುತ್ತದೆ, ಹೊದಿಕೆ ಸುಲಿದರೆ ಇಳಿಯುತ್ತದೆ. ನಿಮಗೆ ಯಾವ ತೊಂದರೆಯೂ ಗೊತ್ತಾಗುವ ಮೊದಲೇ ಎಷ್ಟೋ ಸಲ ಇದು ಯಂತ್ರಕ್ಕೆ ಗೊತ್ತಾಗುತ್ತದೆ. ಆರೋಗ್ಯವಾಗಿದ್ದೇನೆ ಎಂದು ತಪಾಸಣೆ ತಪ್ಪಿಸಬಾರದು ಎನ್ನುವುದು ಇದಕ್ಕಾಗಿಯೇ.

ಸೋಂಕು: ಇದು ಎಲ್ಲಕ್ಕಿಂತ ಗಂಭೀರ. ಪೆಟ್ಟಿಗೆಯ ಜಾಗದಲ್ಲಿ ಹುಟ್ಟಿದ ಸೋಂಕು ತಂತಿಯನ್ನು ಹಿಡಿದು ರಕ್ತಕ್ಕೂ ಹೃದಯಕ್ಕೂ ಇಳಿಯಬಲ್ಲದು. ಆಗ ಮಾತ್ರೆಯಿಂದ ವಾಸಿಯಾಗುವುದಿಲ್ಲ. ಪೆಟ್ಟಿಗೆಯನ್ನೂ ತಂತಿಯನ್ನೂ ಪೂರ್ತಿ ಹೊರತೆಗೆಯಬೇಕಾಗುತ್ತದೆ.

ಹಳೆಯ ತಂತಿಯನ್ನು ಎಳೆದು ತೆಗೆಯಬಹುದಲ್ಲವೇ?

ಹಾಕಿ ಕೆಲವೇ ತಿಂಗಳಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲದೆ ತೆಗೆಯಬಹುದು. ವರ್ಷಗಳು ಕಳೆದಂತೆ ತಂತಿಯು ರಕ್ತನಾಳದ ಗೋಡೆಗೂ ಹೃದಯಕ್ಕೂ ಅಂಟಿಕೊಳ್ಳುತ್ತದೆ. ಬಲವಾಗಿ ಎಳೆದರೆ ನಾಳ ಅಥವಾ ಹೃದಯ ಹರಿದು ಪ್ರಾಣಕ್ಕೇ ಅಪಾಯ. ಇದಕ್ಕೆ ವಿಶೇಷ ಉಪಕರಣ, ಅನುಭವಿ ತಂಡ, ಬೇಕಾದರೆ ಕೂಡಲೇ ಎದೆ ತೆರೆಯಬಲ್ಲ ಶಸ್ತ್ರವೈದ್ಯರು ಇರುವ ದೊಡ್ಡ ಕೇಂದ್ರವೇ ಬೇಕು. ಆದ್ದರಿಂದ ಸೋಂಕಿಲ್ಲದೆ ಬರೀ ಕೆಟ್ಟುಹೋದ ತಂತಿಯನ್ನು ಅನೇಕ ವೇಳೆ ಒಳಗೇ ಬಿಟ್ಟು, ತುದಿ ಮುಚ್ಚಿ, ಪಕ್ಕದಲ್ಲಿ ಹೊಸ ತಂತಿ ಹಾಕುತ್ತಾರೆ. ಸೋಂಕಾದರೆ ಮಾತ್ರ ಒಳಗೆ ಬಿಡುವಂತಿಲ್ಲ.

ಕಂಪನಿಯ ದೋಷವೂ ಇರಬಹುದೇ?

ಅಪರೂಪಕ್ಕೆ ಇರಬಹುದು. 1994ರಲ್ಲಿ ಟೆಲೆಕ್ಟ್ರಾನಿಕ್ಸ್ ಕಂಪನಿಯ ಅಕ್ಯುಫಿಕ್ಸ್ ಎಂಬ ತಂತಿಯೊಳಗಿನ ಬಾಗಿದ ಲೋಹದ ಎಳೆ ಮುರಿದು ಹೊರಚಾಚುವ ದೋಷ ಕಂಡುಬಂದು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. 2007ರ ಅಕ್ಟೋಬರಿನಲ್ಲಿ ಮೆಡ್‌ಟ್ರಾನಿಕ್ ಕಂಪನಿಯು ಸ್ಪ್ರಿಂಟ್ ಫಿಡೆಲಿಸ್ ಎಂಬ ತಂತಿಯ ಮಾರಾಟವನ್ನು ನಿಲ್ಲಿಸಿತು. ಇದು ಸಾದಾ ಪೇಸ್‌ಮೇಕರಿನದಲ್ಲ, ಹೃದಯಕ್ಕೆ ಶಾಕ್ ಕೊಡುವ ಐಸಿಡಿ ಯಂತ್ರದ ತಂತಿ. ಆ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 2,68,000 ಜನರಿಗೆ ಅದನ್ನು ಹಾಕಲಾಗಿತ್ತು. ಎಲ್ಲರ ತಂತಿಯನ್ನೂ ತೆಗೆಯಲಿಲ್ಲ. ಚೆನ್ನಾಗಿರುವ ತಂತಿಯನ್ನು ತೆಗೆಯುವ ಅಪಾಯವೇ ಹೆಚ್ಚೆಂದು ತಿಳಿದು, ಹೆಚ್ಚಿನವರನ್ನು ಎಚ್ಚರಿಕೆಯ ತಪಾಸಣೆಯಲ್ಲಿ ಇಟ್ಟುಕೊಂಡರು.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ: ನಿಮ್ಮೊಳಗಿರುವ ತಂತಿ ಯಾವುದು ಎಂಬುದು ನಿಮಗೆ ಗೊತ್ತಿರಬೇಕು. ಬಿಡುಗಡೆಯ ದಿನ ಪೇಸ್‌ಮೇಕರ್ ಗುರುತಿನ ಚೀಟಿಯನ್ನು ಕೇಳಿ ಪಡೆಯಿರಿ. ಪೆಟ್ಟಿಗೆಯ ಹೆಸರು, ತಂತಿಯ ಹೆಸರು, ಎರಡರ ಸಂಖ್ಯೆ, ಹಾಕಿದ ದಿನಾಂಕ, ಆಸ್ಪತ್ರೆಯ ಹೆಸರು ಅದರಲ್ಲಿರಬೇಕು. ಒಂದು ಜೆರಾಕ್ಸ್ ಪ್ರತಿ ಮನೆಯಲ್ಲಿ, ಇನ್ನೊಂದು ಮಗ ಅಥವಾ ಮಗಳ ಬಳಿ ಇರಲಿ. ಮುಂದೆ ಎಂ.ಆರ್.ಐ. ಸ್ಕ್ಯಾನ್ ಬೇಕಾದಾಗಲೂ ಈ ಚೀಟಿಯೇ ಆಧಾರ. ಪೆಟ್ಟಿಗೆ ಮಾತ್ರ ಎಂ.ಆರ್.ಐ.ಗೆ ಹೊಂದಿದರೆ ಸಾಲದು, ತಂತಿಯೂ ಹೊಂದಬೇಕು.

ಮೊದಲ ಆರು ವಾರ: ನಿಮ್ಮ ಪಾಲಿನ ಕೆಲಸ

• ಪೇಸ್‌ಮೇಕರ್ ಇರುವ ಕಡೆಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ. ಅಟ್ಟದ ಸಾಮಾನು ಇಳಿಸುವುದು, ಬಟ್ಟೆ ಒಣಹಾಕುವುದು, ಬಸ್ಸಿನ ಮೇಲಿನ ಕಂಬಿಗೆ ಜೋತುಬೀಳುವುದು ಬೇಡ. ತಾಯಂದಿರು ತಲೆ ಬಾಚಿಕೊಳ್ಳಲು ಮನೆಯವರ ನೆರವು ಪಡೆಯಲಿ.

• ಆ ಕೈಯಲ್ಲಿ ತುಂಬಿದ ಕೊಡ, ಭತ್ತದ ಚೀಲ, ಮೊಮ್ಮಕ್ಕಳನ್ನು ಎತ್ತಬೇಡಿ. ಹ್ಯಾಂಡ್‌ಪಂಪ್ ಹೊಡೆಯುವುದು, ಸಲಿಕೆ ಗುದ್ದಲಿ ಹಿಡಿಯುವುದು ಬೇಡ.

• ಹಾಗೆಂದು ಕೈಯನ್ನು ಎದೆಗೆ ಕಟ್ಟಿಕೊಂಡು ಕೂರಬೇಡಿ. ಭುಜ ಹಿಡಿದುಕೊಳ್ಳುತ್ತದೆ. ಉಣ್ಣುವುದು, ಬರೆಯುವುದು, ಮೊಣಕೈ ಆಡಿಸುವುದು ಎಂದಿನಂತೆ ಇರಲಿ.

• ಗಾಯ ಒಣಗುವ ತನಕ ನೀರು ತಾಗಿಸಬೇಡಿ. ಅರಿಷಿಣ, ಸೊಪ್ಪಿನ ರಸ, ಭಸ್ಮ, ಬಿಸಿ ಕಾವು ಯಾವುದೂ ಬೇಡ.

• ಪೆಟ್ಟಿಗೆಯನ್ನು ಬೆರಳಿನಿಂದ ಹೊರಳಿಸಿ ಆಡಬೇಡಿ. ಪೆಟ್ಟಿಗೆ ತಿರುಗಿದಂತೆ ತಂತಿ ರಾಟೆಗೆ ಹಗ್ಗ ಸುತ್ತಿದಂತೆ ಸುತ್ತಿಕೊಂಡು ಹೃದಯದಿಂದ ಕಿತ್ತು ಬಂದ ಪ್ರಕರಣಗಳು ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ.

• ಇಷ್ಟಲಿಂಗ ಧರಿಸುವವರು ಶಿವದಾರ ಅಥವಾ ಕರಡಿಗೆ ಹೊಲಿಗೆಯ ಮೇಲೆ ಉಜ್ಜದಂತೆ ನೋಡಿಕೊಳ್ಳಿ. ಬೆಳ್ಳಿಯ ಕರಡಿಗೆಯಿಂದ ಪೇಸ್‌ಮೇಕರಿಗೆ ತೊಂದರೆಯಿಲ್ಲ. ಅಳವಡಿಕೆಯ ವೇಳೆ ಲಿಂಗವನ್ನು ಯಾರ ಬಳಿ, ಎಲ್ಲಿ ಇಡಬೇಕೆಂಬುದನ್ನು ಮೊದಲೇ ಸಿಬ್ಬಂದಿಯೊಂದಿಗೆ ಮಾತಾಡಿಕೊಳ್ಳಿ.

ಆರು ವಾರಗಳ ನಂತರ

ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆ ನಡೆಯುವುದು, ಸೈಕಲ್ ತುಳಿಯುವುದು, ಹೊಲದ ಸಾಮಾನ್ಯ ಕೆಲಸ ಮಾಡಬಹುದು. ಅಂಜನಾದ್ರಿಯ ಮೆಟ್ಟಿಲು ಹತ್ತಬಹುದೇ ಎಂದು ಕೇಳುವವರಿಗೆ ಉತ್ತರ: ಪೇಸ್‌ಮೇಕರ್ ಅಡ್ಡಿಯಲ್ಲ. ನಿಮ್ಮ ಹೃದಯದ ಶಕ್ತಿ ಎಷ್ಟಿದೆ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ.

ನಮ್ಮ ಭತ್ತದ ಸೀಮೆಯ ರೈತರು ಒಂದು ವಿಷಯ ಗಮನಿಸಬೇಕು. ಬೆನ್ನಿಗೆ ಹಾಕಿಕೊಂಡು ಎಣ್ಣೆ ಹೊಡೆಯುವ ಪಂಪಿನ ಪಟ್ಟಿ ಸರಿಯಾಗಿ ಪೆಟ್ಟಿಗೆ ಮತ್ತು ತಂತಿಯ ಮೇಲೆಯೇ ಬರುತ್ತದೆ. ತುಂಬಿದ ಪಂಪಿನ ಭಾರ ದಿನಗಟ್ಟಲೆ ಅಲ್ಲಿ ಒತ್ತಿದರೆ ತಂತಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಹೆಗಲ ಮೇಲೆ ಚೀಲ ಹೊರುವ ಹಮಾಲರು ಕೆಲಸ ಬದಲಿಸುವ ಬಗ್ಗೆ ವೈದ್ಯರೊಂದಿಗೂ ಮನೆಯವರೊಂದಿಗೂ ಮುಚ್ಚುಮರೆಯಿಲ್ಲದೆ ಮಾತಾಡಬೇಕು.

ಮೊಬೈಲನ್ನು ಆ ಕಡೆಯ ಅಂಗಿಯ ಜೇಬಿನಲ್ಲಿ ಇಡಬೇಡಿ. ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ, ಇನ್ನೊಂದು ಕಿವಿಗೆ ಹಿಡಿದು ಮಾತಾಡಿ. ಮಿಕ್ಸರ್, ಟಿ.ವಿ., ಫ್ಯಾನುಗಳಿಂದ ತೊಂದರೆಯಿಲ್ಲ. ವೆಲ್ಡಿಂಗ್ ಮಾಡುವವರು ವೈದ್ಯರ ಅಪ್ಪಣೆಯಿಲ್ಲದೆ ಆ ಕೆಲಸಕ್ಕೆ ಮರಳಬಾರದು.

ತಪಾಸಣೆಗೆ ಹೋಗುವಾಗ

ಮೊದಲ ತಪಾಸಣೆಗಳು ಕೆಲವು ವಾರಗಳಲ್ಲಿ ಇರುತ್ತವೆ. ಮುಂದೆ ವೈದ್ಯರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಬೇಕು. ಎದೆಯ ಮೇಲೆ ಒಂದು ಸಾಧನವನ್ನಿಟ್ಟು ತಂತಿ ಮತ್ತು ಬ್ಯಾಟರಿಯ ಲೆಕ್ಕ ಓದುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ಒಂದು ಕಂಪನಿಯ ಪೇಸ್‌ಮೇಕರನ್ನು ಇನ್ನೊಂದು ಕಂಪನಿಯ ಯಂತ್ರ ಓದಲಾರದು. ಆದ್ದರಿಂದ ನೂರಾರು ಕಿಲೋಮೀಟರ್ ಪ್ರಯಾಣ ಮಾಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಚೀಟಿ ನೋಡಿ ಕಂಪನಿಯ ಹೆಸರು ಹೇಳಿ, ಆ ಯಂತ್ರ ಯಾವ ದಿನ ಇರುತ್ತದೆಂದು ಕೇಳಿಕೊಳ್ಳಿ. ಓಮ್, ವೋಲ್ಟ್ ಬರೆದ ಕಾಗದವನ್ನು ಪ್ರತಿ ಸಲವೂ ಕೇಳಿ ಪಡೆದು ಕಡತದಲ್ಲಿಡಿ. ಹಿಂದಿನ ಲೆಕ್ಕದೊಂದಿಗೆ ಹೋಲಿಸಿದಾಗಲೇ ತಂತಿ ಕೆಡುತ್ತಿರುವುದು ತಿಳಿಯುತ್ತದೆ.

ಬಂಧುಗಳು ನಾಡಿ ಎಣಿಸಲು ಕಲಿಯಿರಿ. ರೋಗಿ ಐದು ನಿಮಿಷ ವಿಶ್ರಾಂತಿ ಪಡೆದ ಮೇಲೆ, ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕಡೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಪೇಸ್‌ಮೇಕರನ್ನು ಕನಿಷ್ಠ ಎಷ್ಟು ಬಡಿತಕ್ಕೆ ಇಟ್ಟಿದ್ದಾರೆಂದು ವೈದ್ಯರಿಂದ ಬರೆಸಿಕೊಂಡಿರಿ. ಎರಡು ಮೂರು ಸಲ ಎಣಿಸಿದರೂ ಅದಕ್ಕಿಂತ ಕಡಿಮೆಯೇ ಬಂದರೆ ವೈದ್ಯರಿಗೆ ತಿಳಿಸಿ.

ಕಾಯದೆ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

• ಮತ್ತೆ ಬವಳಿ, ಕಣ್ಣು ಕತ್ತಲೆ, ದಮ್ಮು
• ಬಿಡದೆ ಬಿಕ್ಕಳಿಕೆ, ಹೊಟ್ಟೆಯ ಮೇಲ್ಭಾಗ ಅಥವಾ ಎದೆಯ ಸ್ನಾಯು ತಾಳ ಹಾಕಿದಂತೆ ಜಗ್ಗುವುದು
• ಆ ಕಡೆಯ ಕೈ ಬಾತುಕೊಳ್ಳುವುದು
• ಪೆಟ್ಟಿಗೆಯ ಮೇಲಿನ ಚರ್ಮ ಕೆಂಪಾಗುವುದು, ಬಿಸಿಯಾಗುವುದು, ತೆಳುವಾಗಿ ಹೊಳೆಯುವುದು, ಕೀವು ಬರುವುದು
• ಕಾರಣ ತಿಳಿಯದ ಚಳಿಜ್ವರ. ಹಾಕಿ ಎಷ್ಟು ವರ್ಷವಾಗಿದ್ದರೂ ಸರಿ, "ನನಗೆ ಪೇಸ್‌ಮೇಕರ್ ಇದೆ" ಎಂದು ಮೊದಲು ಹೇಳಿ.

ಚರ್ಮ ಉಬ್ಬಿದ್ದರೆ ಬಾವು ಎಂದು ತಿಳಿದು ಯಾರಿಂದಲೂ ಚುಚ್ಚಿಸಬೇಡಿ, ಕೊಯ್ಯಿಸಬೇಡಿ. ಸೂಜಿಯ ಒಂದು ಚುಚ್ಚು ಹೊರಗಿನ ಸೋಂಕನ್ನು ತಂತಿಯವರೆಗೆ ಒಯ್ಯಬಲ್ಲದು.

ಕೊನೆಯದಾಗಿ ಎರಡು ಪ್ರಶ್ನೆಗಳು

ಪ್ರಶ್ನೆ: ತಂತಿಯೇ ಇಲ್ಲದ ಪೇಸ್‌ಮೇಕರ್ ಬಂದಿದೆಯಂತೆ?
ಉತ್ತರ: ಹೌದು. ದೊಡ್ಡ ಮಾತ್ರೆಯಷ್ಟೇ ಇದ್ದು ಹೃದಯದೊಳಗೇ ಕೂರುವ ಇಂತಹ ಒಂದು ಸಾಧನಕ್ಕೆ ಅಮೆರಿಕದಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು. ಅದನ್ನು ತೊಡೆಯ ರಕ್ತನಾಳದ ಮೂಲಕ ಹಾಕುತ್ತಾರೆ. ಅದರ ಬೆಲೆ ಹೆಚ್ಚು, ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ. ತಂತಿಯ ಪೇಸ್‌ಮೇಕರ್ ಹಾಕಿಸಿಕೊಂಡವರು ತಮಗೆ ಕಡಿಮೆ ದರ್ಜೆಯದು ಸಿಕ್ಕಿತೆಂದು ಕೊರಗಬೇಕಾಗಿಲ್ಲ.

ಪ್ರಶ್ನೆ: ಪೇಸ್‌ಮೇಕರ್ ಇದ್ದವರು ತೀರಿಕೊಂಡರೆ ಏನು ಮಾಡಬೇಕು?
ಉತ್ತರ: ಹೂಳುವ ಪದ್ಧತಿಯವರಿಗೆ ಯಾವ ತೊಂದರೆಯೂ ಇಲ್ಲ. ದಹನ ಮಾಡುವವರು ಮಾತ್ರ ವೈದ್ಯರಿಗೆ ತಿಳಿಸಿ ಪೆಟ್ಟಿಗೆಯನ್ನು ತೆಗೆಸಬೇಕು. ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ.

ಬಂಧುಗಳೇ, ಪೆಟ್ಟಿಗೆಯನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ತಂತಿ ಮಾತ್ರ ನಿಮ್ಮ ಜೊತೆಯೇ ಮುಪ್ಪಾಗಬೇಕಾದದ್ದು. ಆರು ವಾರದ ಪಥ್ಯ, ತಪ್ಪದ ತಪಾಸಣೆ, ಜೋಪಾನವಾಗಿಟ್ಟ ಚೀಟಿ, ಚರ್ಮ ಕೆಂಪಾದ ದಿನವೇ ಆಸ್ಪತ್ರೆಗೆ ಬರುವುದು, ಈ ನಾಲ್ಕನ್ನು ಪಾಲಿಸಿ. ಅರ್ಥವಾಗದ್ದನ್ನು ನಮ್ಮ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಿ. ಓದಲು ಬಾರದ ಹಿರಿಯರಿಗೆ ಈ ಹಾಳೆಯನ್ನು ದಯವಿಟ್ಟು ಓದಿ ಹೇಳಿ.